ಮರಿಜವರ ಗರಡಿ ಸೇರಿದ್ದು

ಕೇಳಿ. ತೊರೆಕೋಟೆ ಅಂತ ಒಂದು ಪೇಟೆ. ಆ ಪೇಟೆಯಲ್ಲಿ ಬುದ್ಧಿವಂತರಿಗೇನೂ ಬರ ಇರಲಿಲ್ಲ, ಕೇರಿಗೆ ಹತ್ತು ಜನ ಸಿಗುತ್ತಿದ್ದರು. ಪೆದ್ದ ಮಾತ್ರ ಊರಿಗೆಲ್ಲ ಒಬ್ಬನೇ. ಅವನ ಹೆಸರು ಮರಿಜವರ.

ಹೆಸರಿಗೆ ಮರಿ. ಎದ್ದು ನಿಂತರೆ ಬಾಗಿಲು ತುಂಬುತ್ತಿದ್ದ. ವಯಸ್ಸು ಇಪ್ಪತ್ತೆರಡು. ಒನಕೆಯಂಥ ತೋಳು, ಒರಳಿನಂಥ ಎದೆ. ಆದರೆ ಕಿವಿಯೊಳಗೆ ಹೋದ ಮಾತು ಹೇಗೆ ಹೋಯಿತೋ ಹಾಗೇ ಕೂತುಬಿಡುತ್ತಿತ್ತು. ಆ ಕಡೆ ಹೊರಳುತ್ತಿರಲಿಲ್ಲ, ಈ ಕಡೆ ಹೊರಳುತ್ತಿರಲಿಲ್ಲ.

ಅವನ ಅವ್ವ ಕೆಂಪಾಜಮ್ಮ. ಗಂಡ ತೀರಿಕೊಂಡ ಮೇಲೆ ಪುರಿ ಭಟ್ಟಿ ಇಟ್ಟುಕೊಂಡಿದ್ದಳು. ಕಾದ ಮರಳಲ್ಲಿ ಅಕ್ಕಿ ಹುರಿದು ಪುರಿ ಮಾಡಿ, ಬುಟ್ಟಿ ಹೊತ್ತು ಬೀದಿ ಬೀದಿ ಮಾರುವವಳು. ಒಂದು ದಿನ ನೀರಿಗೆ ಹೊರಟವಳು, "ಮಗ, ನಾನು ಬರೋಗಂಟ ಒಲೆ ಮೇಲೆ ಕಣ್ಣಿಟ್ಟಿರು" ಅಂದಳು. ಬಂದು ನೋಡಿದರೆ ಮಗ ಒಲೆಯ ಬಾಯಿಗೆ ಮುಖ ಕೊಟ್ಟು ಕೂತಿದ್ದಾನೆ, ಎರಡು ಹುಬ್ಬೂ ಸುಟ್ಟುಹೋಗಿವೆ.

"ಇದಕ್ಕಿಂತ ಹತ್ರಕ್ಕೆ ಇಡಕ್ಕಾಗ್ಲಿಲ್ಲ ಕಣವ್ವ" ಅಂದ.

ಇಷ್ಟೇ ಆಗಿದ್ದರೆ ಕೆಂಪಾಜಮ್ಮ ತಲೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಸಂತೆಯವರಿಗೆ ಇವನ ಗುಟ್ಟು ತಿಳಿದುಹೋಗಿತ್ತು. ಯಾರಾದರೂ "ಜವರ, ಗಾಡಿ ಮೂಟೆ ಇಳಿಸಪ್ಪ" ಅಂದರೆ ಸಾಕು, ಆ ಗಾಡಿ ಈ ಗಾಡಿ ಅನ್ನದೆ ಸಂತೆಗೆ ಬಂದ ಗಾಡಿಗಳನ್ನೆಲ್ಲ ಬರಿದು ಮಾಡಿಬಿಡುತ್ತಿದ್ದ. ಗಾಡಿಯವರು ಬೀಡಿ ಸೇದುತ್ತಾ ಕೂತಿರೋರು. ಒಬ್ಬ ವ್ಯಾಪಾರಿ "ಈ ಎತ್ತಿನ ಹಗ್ಗ ಹಿಡ್ಕೊಂಡಿರು, ಈಗ ಬಂದೆ" ಅಂತ ಹೇಳಿ ಬೀಗರ ಊರಿಗೆ ಹೋದ. ಮೂರನೇ ದಿನ ಬಂದಾಗ ಎತ್ತು ಮಲಗಿತ್ತು. ಜವರ ಹಗ್ಗ ಹಿಡಿದುಕೊಂಡು ನಿಂತೇ ಇದ್ದ.

ಅವತ್ತು ಕೆಂಪಾಜಮ್ಮ ಪಕ್ಕದ ಮನೆ ಜಗಲಿ ಮೇಲೆ ಕೂತು ಅತ್ತಳು. ಅದು ಹಾಸಿಗೆ ಹೊಲಿಯುವ ಬುಡೇನ್ ಸಾಬರ ಮನೆ.

"ನಾನಿರೋಗಂಟ ಹೆಂಗೋ ಆಯ್ತದೆ ಬುಡೇನಣ್ಣ. ನಾನು ಕಣ್ಮುಚ್ಚಿದ ಮೇಲೆ ಈ ಊರೋರು ಇವನನ್ನ ಎತ್ತು ಮಾಡ್ಕತರೆ. ಯಾರು ಏನಂದ್ರೂ ಮಾಡ್ತಾನೆ."

ಬುಡೇನ್ ಸಾಬರು ಗಡ್ಡದಲ್ಲಿ ಸಿಕ್ಕಿದ್ದ ಹತ್ತಿ ತೆಗೆದುಕೊಳ್ಳುತ್ತಾ ಯೋಚನೆ ಮಾಡಿದರು. ಪ್ರಾಯದಲ್ಲಿ ಅವರು ಗರಡಿಯಲ್ಲಿ ಸಾಮು ಮಾಡಿದವರು.

"ಹಂಗಾದ್ರೆ ಗರಡಿಗೆ ಹಾಕಕ್ಕ. ಗರಡಿಗೆ ಹೊಕ್ಕೋನು ಒಬ್ಬರ ಮಾತೇ ಕೇಳೋದು, ಉಸ್ತಾದರ ಮಾತು. ಉಸ್ತಾದರು ಒಳ್ಳೆಯೋರಾದ್ರೆ ಇಡೀ ಊರೇ ಬಂದು ಕೂಗಿದ್ರೂ ಇವನು ಅಲ್ಲಾಡಬೇಕಾಗಿಲ್ಲ. ಕೋಟೆ ಹಿಂದೆ ಉಸ್ತಾದ್ ಚಿಕ್ಕಹೈದಯ್ಯನೋರ ಗರಡಿ ಇದೆ. ಯಾರನ್ನ ಕೇಳಿದ್ರೂ ತೋರಿಸ್ತಾರೆ."

ಕೆಂಪಾಜಮ್ಮನಿಗೆ ಈ ಮಾತು ಹಿಡಿಸಿತು. ಮಾರನೇ ದಿನ ಮಗನಿಗೆ ತಲೆಗೆ ಎಣ್ಣೆ ಹಚ್ಚಿ, ಒಗೆದ ಪಂಚೆ ಉಡಿಸಿ ಹೇಳಿದಳು:

"ಗರಡಿ ಬಾಗ್ಲು ಗಿಡ್ಡ ಕಣ್ಲಾ. ತಲೆ ಎತ್ಕೊಂಡು ಹೋದ್ರೆ ಹಣೆ ಒಡೀತದೆ. ತಲೆ ಬಗ್ಗಿಸ್ಕೊಂಡೇ ಹೋಗು. ಒಳಗೆ ಕೆಮ್ಮಣ್ಣು ಇರ್ತದೆ. ಮುಟ್ಟಿ ಕಣ್ಣಿಗೆ ಒತ್ಕೊಂಡು, ಸೇರ್ಕೋಬೇಕು ಅಂತ ಬಂದೆ ಅನ್ನು."

ಜವರ ಹೊಸ್ತಿಲಲ್ಲೇ ತಲೆ ಬಗ್ಗಿಸಿದ. ಬಗ್ಗಿಸಿದ ತಲೆ ಎತ್ತಲಿಲ್ಲ. ಬೀದಿಯಲ್ಲಿ ಬರೀ ಕಾಲುಗಳು ಕಂಡವು. ಕೋಟೆ ದಾಟಿದ, ಗರಡಿ ದಾಟಿದ, ಗೊತ್ತಾಗಲಿಲ್ಲ. ನೆಲದ ಮೇಲೆ ಕೆಮ್ಮಣ್ಣು ಚೆಲ್ಲಿದ ಜಾಡು ಕಂಡಿತು. ಜಾಡು ಹಿಡಿದು ಹೋದ. ಒಂದು ಗಿಡ್ಡ ಬಾಗಿಲು. ಒಳಗೆ ಗುಡ್ಡೆ ಕೆಮ್ಮಣ್ಣು. ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

"ಸೇರ್ಕೋಬೇಕು ಅಂತ ಬಂದೆ" ಅಂದ.

ಅದು ಕುಂಬಾರ ದಾಸಪ್ಪನ ಮನೆ. ಅವನ ಮಣ್ಣು ತುಳಿಯುವ ಆಳು ಅವತ್ತು ಕೈ ಕೊಟ್ಟಿದ್ದ. ದಾಸಪ್ಪ ಬಂದವನ ತೊಡೆ ನೋಡಿದ, ಮೀನಖಂಡ ನೋಡಿದ.

"ಸೇರ್ಕೊ. ತುಳಿ" ಅಂದ.

ಜವರ ತುಳಿದ. ಸಂಜೆವರೆಗೂ ತುಳಿದ. ನಾಳೆಯ ಮಣ್ಣು, ನಾಡಿದ್ದಿನ ಮಣ್ಣು, ಎಲ್ಲ ತುಳಿದು ಬೆಣ್ಣೆ ಮಾಡಿ, ಸೊಂಟದವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದ.

"ಸೇರಿದ್ಯಾ ಮಗ?"

"ಸೇರ್ದೆ ಕಣವ್ವ. ಉಸ್ತಾದ್ರು ಮೆಚ್ಕೊಂಡ್ರು. ನಾಳೆಯಿಂದ ಮಡಕೆ ಹೊರೋದು ಹೇಳ್ಕೊಡ್ತಾರಂತೆ."

ಕೆಂಪಾಜಮ್ಮ ಗೋಡೆಗೆ ಒರಗಿ ಕೂತಳು.

"ಅದು ಕುಂಬಾರನ ಮನೆ ಕಣೋ. ಬರೀ ಮಣ್ಣು ಕಂಡ್ರೆ ಗರಡಿ ಆಯ್ತದೇನ್ಲಾ? ನಾಳೆ ತಲೆ ಎತ್ಕೊಂಡು, ಕಣ್ಣು ಬಿಟ್ಕೊಂಡು ಹೋಗು. ಎಲ್ಲಿ ಇಬ್ಬರು ಒಬ್ಬರನ್ನೊಬ್ಬರು ತಬ್ಬಿ ಹಿಡ್ಕೊಂಡು ಬಿಡದೆ ನಿಂತಿರ್ತಾರೋ, ಸುತ್ತ ಜನ ನೋಡ್ತಿರ್ತಾರೋ, ಅದು ಗರಡಿ. ಹತ್ರಕ್ಕೆ ಹೋಗಿ, ನನ್ನೂ ಸೇರಿಸ್ಕಳ್ಳಿ ಅನ್ನು."

ಮಾರನೇ ದಿನ ಜವರ ತಲೆ ಎತ್ತಿಕೊಂಡು, ಕಣ್ಣು ಬಿಟ್ಟುಕೊಂಡು ಹೊರಟ. ಎಣ್ಣೆಗಾಣದ ಬೀದಿಯಲ್ಲಿ ಒಂದು ಚಪ್ಪರ. ಚಪ್ಪರದ ಮುಂದೆ ಗುಂಪು. ಗುಂಪಿನ ನಡುವೆ ಇಬ್ಬರು ಹೆಂಗಸರು ತಬ್ಬಿಕೊಂಡು ನಿಂತಿದ್ದಾರೆ. ಮದುವೆ ಮುಗಿದು ಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತು ಅದು. ತಾಯಿ ಮಗಳನ್ನು ಬಿಡಳು, ಮಗಳು ತಾಯಿಯನ್ನು ಬಿಡಳು.

ಜವರ ಬೆರಗಾಗಿ ನಿಂತ. ಎಂಥ ಹಿಡಿತ. ಎಷ್ಟು ಹೊತ್ತಾದರೂ ಇವಳೂ ಬೀಳಲಿಲ್ಲ, ಅವಳೂ ಬೀಳಲಿಲ್ಲ. ಇಂಥ ಗರಡಿ ಇನ್ನೆಲ್ಲಿ ಸಿಗಬೇಕು ಅಂದುಕೊಂಡು, ಜನ ಸರಿಸಿ ಒಳಗೆ ಹೋಗಿ, "ನನ್ನೂ ಸೇರಿಸ್ಕಳ್ಳಿ" ಅಂದು ಇಬ್ಬರನ್ನೂ ಸೇರಿಸಿ ತಬ್ಬಿಕೊಂಡ. ತಬ್ಬಿಕೊಂಡ ರಭಸಕ್ಕೆ ಇಬ್ಬರ ಕಾಲೂ ನೆಲ ಬಿಟ್ಟವು. ಅಳು ನಿಂತುಹೋಯಿತು. ವಾಲಗವೂ ನಿಂತುಹೋಯಿತು.

ಹೆಣ್ಣಿನ ತಾತ ಕೋಲೂರಿಕೊಂಡು ಬಂದು ಕೇಳಿದ, "ನೀನು ಯಾರ ಕಡೆಯೋನಯ್ಯ?"

"ನಾನು ಹೊಸಬ ತಾತ. ಯಾರ ಕಡೆಗಾದ್ರೂ ಹಾಕಿ."

ಗಂಡಿನ ಕಡೆಯವರು ನಾಲ್ಕು ಬಾರಿಸಿದರು. ಹೆಣ್ಣಿನ ಕಡೆಯವರು ನಾವೇನು ಕಮ್ಮಿ ಅಂತ ಇನ್ನು ನಾಲ್ಕು ಬಾರಿಸಿದರು. ಜವರ ಕೆನ್ನೆ ಸವರಿಕೊಂಡು ಮನೆಗೆ ಬಂದು, "ಒಳ್ಳೆ ಗರಡಿ ಅವ್ವ. ಹೋದ ದಿನವೇ ಪಟ್ಟು ಹಾಕಿದ್ರು" ಅಂದ. ನಡೆದದ್ದೆಲ್ಲ ಹೇಳಿದ.

ಕೆಂಪಾಜಮ್ಮ ಆ ಮದುವೆಮನೆಗೆ ಹೋಗಿ, ಸೆರಗೊಡ್ಡಿ ಕ್ಷಮೆ ಕೇಳಿ ಬಂದಳು. ಬಂದವಳು ಬುಡೇನ್ ಸಾಬರನ್ನು ಕರೆದಳು.

"ಅಣ್ಣ, ನಾಳೆ ನೀವೇ ಕರ್ಕೊಂಡು ಹೋಗಿ ಗರಡಿಯೊಳಗೆ ಕೂರಿಸಿ ಬನ್ನಿ." ಮಗನ ಕಡೆ ತಿರುಗಿದಳು. "ಸೇರೋದಕ್ಕೆ ಮುಂಚೆ ನೋಡ್ಬೇಕು ಕಣ್ಲಾ. ನಾಳೆ ಬರೀ ನೋಡು. ಬಾಯಿ ಬಿಡಬೇಡ, ಕೈ ಹಾಕಬೇಡ, ಕೂರಿಸಿದ ಕಡೆಯಿಂದ ಏಳಬೇಡ."

ಬುಡೇನ್ ಸಾಬರು ಬೆಳಿಗ್ಗೆ ಕರೆದುಕೊಂಡು ಹೋದರು. ಗಿಡ್ಡ ಬಾಗಿಲ ಹತ್ತಿರ ಅವರೇ ಅವನ ಕುತ್ತಿಗೆ ಹಿಡಿದು ಬಗ್ಗಿಸಿ, ಒಳಗೆ ಹೋದ ಮೇಲೆ ಅವರೇ ಎತ್ತಿದರು. ಮೂಲೆಯ ಕಟ್ಟೆ ಮೇಲೆ ಕೂರಿಸಿ, ಉಸ್ತಾದರಿಗೆ ನಮಸ್ಕಾರ ಹೇಳಿ ಹೋದರು.

ಜವರ ನೋಡಿದ.

ಒಳಗೆ ಮಬ್ಬು. ಮೇಲಿನ ಒಂದು ಗವಾಕ್ಷಿಯಿಂದ ಬೆಳಕು ಕೋಲಿನ ಹಾಗೆ ಇಳಿದು ನಡುವೆ ಬಿದ್ದಿತ್ತು. ಅಲ್ಲಿ ಕುಸ್ತಿ ಆಡುವ ಕೆಮ್ಮಣ್ಣು, ಮಟ್ಟಿ ಅಂತಾರಲ್ಲ ಅದು, ಸಂಪಿಗೆ ಹೂವಿನಷ್ಟೇ ತೂಕದ ಹೆಣ್ಣು ನಡೆದರೂ ಹೆಜ್ಜೆ ಮೂಡುವಷ್ಟು ಮೆತ್ತಗೆ ಹಾಸಿತ್ತು. ಅರಿಸಿನ, ನಿಂಬೆ, ಎಣ್ಣೆ, ಸಾಂಬ್ರಾಣಿ ಎಲ್ಲ ಸೇರಿದ ಒಂದು ವಾಸನೆ. ಒಬ್ಬೊಬ್ಬರೇ ಪೈಲ್ವಾನರು ಬಂದರು. ಬೆಟ್ಟದಂಥವರು. ಬಂದವರು ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಬಲಗಾಲಿಟ್ಟು ಇಳಿದರು. ತೊಡೆ ತಟ್ಟಿದರೆ ಜಂತೆಯ ಪಾರಿವಾಳಗಳು ಎದ್ದವು. ಒಬ್ಬ ಇನ್ನೊಬ್ಬನನ್ನು ತಲೆಮೇಲೆ ಎತ್ತಿದ. ಎತ್ತಿಸಿಕೊಂಡವನು ಗಾಳಿಯಲ್ಲೇ ಹೊರಳಿ ಕಾಲಮೇಲೆ ನಿಂತ.

ಎದುರು ಮೂಲೆಯಲ್ಲಿ ಒಬ್ಬರು ಮುದುಕರು ಕೂತಿದ್ದರು. ಒಣಗಿದ ಹುಣಸೆ ಬರಲಿನ ಹಾಗೆ ಇದ್ದರು. ಅವರೇ ಉಸ್ತಾದ್ ಚಿಕ್ಕಹೈದಯ್ಯ. ಅವರು "ಸಾಕು" ಅಂದರು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ. ಅಷ್ಟೂ ಬೆಟ್ಟಗಳು ನಿಂತುಬಿಟ್ಟವು.

ಜವರನ ಮೈ ಝುಮ್ಮೆಂದಿತು. ಅವನು ಹುಟ್ಟಿದಾಗಿನಿಂದ ಎಲ್ಲರೂ ಅವನ ಮೇಲೆ ಕೂಗುವವರೇ. ಒಬ್ಬ ಬಾ ಅಂದರೆ ಇನ್ನೊಬ್ಬ ಹೋಗು ಅನ್ನುತ್ತಿದ್ದ. ಇಷ್ಟು ಸಣ್ಣ ಮಾತಿಗೆ ಇಷ್ಟು ಬಲ ಇರುತ್ತದೆ ಅಂತ ಅವನು ಕಂಡಿದ್ದು ಅವತ್ತೇ.

ಸಾಮು ಮುಗಿಯಿತು. ಎಲ್ಲರೂ ಮಟ್ಟಿ ಗುಡ್ಡೆ ಮಾಡಿ, ಹೂವೇರಿಸಿ, ಬಾಳೆಹಣ್ಣಿಟ್ಟು, ಹೊಳೆಗೆ ಸ್ನಾನಕ್ಕೆ ಹೋದರು. ಜವರ ಕೂತೇ ಇದ್ದ. ತೆರೆದ ಬಾಗಿಲಿಂದ ಒಂದು ಹೋತ ಬಂತು. ಹೂವು ತಿಂತು. ಬಾಳೆಹಣ್ಣು ತಿಂತು. ಗುಡ್ಡೆ ಹತ್ತಿ ಕೆದರಿತು. ಕೊನೆಗೆ ಮಟ್ಟಿ ಮೇಲೆ ನಿಂತು, ಜವರನ ಮುಖ ನೋಡಿಕೊಂಡೇ, ಉಚ್ಚೆ ಹೊಯ್ದಿತು. ಜವರನೂ ಅದರ ಮುಖ ನೋಡಿದ.

ಪೈಲ್ವಾನರು ತಿರುಗಿ ಬಂದು ದಂಗಾದರು. ಅವರಲ್ಲಿ ದೊಡ್ಡವನು ರುದ್ರಣ್ಣ. ಸುತ್ತ ಹತ್ತೂರಲ್ಲಿ ಅವನನ್ನು ಕೆಡವಿದವರಿರಲಿಲ್ಲ.

"ಓಡಿಸಬಾರದಿತ್ತೇನಯ್ಯ? ಕಣ್ಣು ಕಾಣಲ್ವಾ? ಮೂಗನಾ ನೀನು?"

ಜವರ ಬಾಯಿ ಬಿಡಲಿಲ್ಲ.

"ಇಂಥವನನ್ನ ಸೇರಿಸ್ಕೋಬೇಡಿ ಗುರುಗಳೆ" ಅಂದ ರುದ್ರಣ್ಣ.

ಉಸ್ತಾದರು ಜವರನನ್ನು ಸ್ವಲ್ಪ ಹೊತ್ತು ನೋಡಿದರು. "ಬೆಳಿಗ್ಗೆಯಿಂದ ಅವನ ಮೂಗಿನ ಮೇಲೆ ನೊಣ ಕೂತು ಕೂತು ಏಳ್ತಿದೆ. ಅದನ್ನೂ ಓಡಿಸಲಿಲ್ಲ" ಅಂದರು. "ನಾಳೆ ಒಂದು ದಿನ ಬರಲಿ. ಆಮೇಲೆ ಹೇಳ್ತೀನಿ."

ಮನೆಯಲ್ಲಿ ಹೋತದ ಕತೆ ಕೇಳಿ ಕೆಂಪಾಜಮ್ಮನಿಗೆ ಅಳುವುದೋ ಹೊಡೆಯುವುದೋ ತಿಳಿಯಲಿಲ್ಲ.

"ಮಟ್ಟಿ ಅಂದ್ರೆ ದೇವರು ಕಣ್ಲಾ. ನಿನ್ನ ಕಣ್ಮುಂದೆ ಅದರ ಮೇಲೆ ಹತ್ತಿದ್ರೆ ಸುಮ್ಕಿರ್ತಾರೇನ್ಲಾ? ನಿನಗಿರೋದು ನಾಳೆ ಒಂದೇ ದಿನ. ನಾಳೆ ಮಟ್ಟಿಗೆ ಯಾರು ಕಾಲಿಟ್ರೂ ಎತ್ತು, ಬಾಗ್ಲಾಚೆ ಇಡು. ತಿಳೀತಾ?"

"ತಿಳೀತು."

ಬೆಳಿಗ್ಗೆ ಜವರ ಎಲ್ಲರಿಗಿಂತ ಮುಂಚೆ ಹೋಗಿ ಮಟ್ಟಿ ಪಕ್ಕ ನಿಂತ. ಮೊದಲ ಪೈಲ್ವಾನ್ ಬಂದ, ಮಣ್ಣು ಹಣೆಗೆ ಹಚ್ಚಿಕೊಂಡ, ಬಲಗಾಲಿಟ್ಟ. ಜವರ ಸೊಂಟಕ್ಕೆ ಕೈ ಹಾಕಿ ಎತ್ತಿದ, ಬಾಗಿಲಾಚೆ ಇಟ್ಟ. ಬಿಸಾಡಲಿಲ್ಲ. ಮೂಟೆ ಇಳಿಸಿ ಗೊತ್ತಿದ್ದವನು, ಮೆತ್ತಗೆ ಇಟ್ಟ. ಎರಡನೆಯವನು ಬಂದ. ಎತ್ತಿದ, ಇಟ್ಟ. ಮೂರನೆಯವನು ಕಾಲು ಕೊಟ್ಟು ಕೆಡವಲು ನೋಡಿದ. ಕಾಲು ಸಮೇತ ಎತ್ತಿದ, ಇಟ್ಟ. ನಾಲ್ಕನೆಯವನು ಕುತ್ತಿಗೆಗೆ ಜೋತುಬಿದ್ದ. ಜೋತುಬಿದ್ದವನನ್ನು ಹಾಗೇ ಹೊತ್ತುಕೊಂಡು ಹೋಗಿ, ಒಂದೊಂದೇ ಬೆರಳು ಬಿಡಿಸಿ ಇಟ್ಟ. ಆಮೇಲೆ ಬಂದವರ ಗತಿಯೂ ಅದೇ.

ರುದ್ರಣ್ಣ ಬಂದ. ತೊಡೆ ತಟ್ಟಿ ಇಳಿದ. ಬಾಗಿಲಾಚೆ ಹೋದ. ತಿರುಗಿ ಬಂದ, ಕಲಿತ ಪಟ್ಟುಗಳನ್ನೆಲ್ಲ ಹಾಕಿದ. ಆಚೆ ಹೋದ. ಮೂರನೇ ಸಲ ಬಂದು ಮಟ್ಟಿಯ ಅಂಚಲ್ಲೇ ನಿಂತ. ಒಂದು ಕಾಲು ಎತ್ತಿದವನು ಇಳಿಸಲೋ ಬೇಡವೋ ಅಂತ ಯೋಚಿಸಿ, ತಾನಾಗೇ ಆಚೆ ನಡೆದ.

ಬೀದಿಯಲ್ಲಿ ಹನ್ನೊಂದು ಜನ ಪೈಲ್ವಾನರು ಲಂಗೋಟಿಯಲ್ಲಿ ಸಾಲಾಗಿ ನಿಂತಿದ್ದರು. ನೀರಿಗೆ ಹೊರಟ ಹೆಂಗಸರು ಬೇರೆ ಬೀದಿ ಹಿಡಿದರು. ಗರಡಿ ಕಟ್ಟಿದಾಗಿನಿಂದ ಇಂಥದ್ದು ಆಗಿರಲಿಲ್ಲ.

ಆಗ ಉಸ್ತಾದರು ಬಂದರು. ಸಾಲು ನೋಡಿದರು. ಬಗ್ಗಿ ಒಳಗೆ ಹೋಗಿ, ಮಣ್ಣು ಹಣೆಗೆ ಹಚ್ಚಿಕೊಂಡು, ಬಲಗಾಲಿಟ್ಟು ಮಟ್ಟಿಗೆ ಇಳಿದರು. ಹನ್ನೊಂದು ತಲೆಗಳು ಬಾಗಿಲಲ್ಲಿ ತುಂಬಿಕೊಂಡವು.

"ತಪ್ಪು ತಿಳ್ಕೋಬೇಡಿ ಗುರುಗಳೆ" ಅಂದ ಜವರ. "ಅವ್ವ ಹೇಳವ್ಳೆ."

"ಅವ್ವ ಹೇಳಿದಂಗೆ ಮಾಡು" ಅಂದರು ಉಸ್ತಾದರು.

ಜವರ ಎರಡು ಕೈ ಚಾಚಿ ಬಂದ. ಉಸ್ತಾದರು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರು. ಅವನ ಮೊಣಕೈಗೆ ಎರಡು ಬೆರಳು ತಾಗಿಸಿದರು, ಅಷ್ಟೇ.

ಜವರ ಅಂಗಾತ ಬಿದ್ದಿದ್ದ. ಗವಾಕ್ಷಿಯ ಬೆಳಕು ನೇರ ಮುಖದ ಮೇಲೆ ಬಿತ್ತು. ಬೆಳಕಿನಲ್ಲಿ ಕೆಂಪು ದೂಳಿನ ಕಣಗಳು ತೇಲುತ್ತಿದ್ದವು. ಅವನನ್ನು ಇಲ್ಲಿಯವರೆಗೆ ಯಾರೂ ಬೀಳಿಸಿರಲಿಲ್ಲ. ಬಿದ್ದರೆ ಹೀಗೆ ಕಾಣುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

"ಏನಾಯ್ತು ಗುರುಗಳೆ?"

"ನೀನು ಬಂದೆ. ನಾನು ದಾರಿ ಬಿಟ್ಟೆ."

ಜವರ ಎದ್ದು ಮತ್ತೆ ಹೋದ. ಮತ್ತೆ ಬೆಳಕು ಕಂಡಿತು. ಏಳು ಸಲ ಹೋದ, ಏಳು ಸಲ ಕಂಡಿತು. ಏಳನೇ ಸಲ ಎದ್ದು ಕೂತಾಗ ಅವನ ಕಣ್ಣಲ್ಲಿ ನೀರಿತ್ತು. ನೋವಿಗೆ ಬಂದ ನೀರಲ್ಲ.

"ಇದನ್ನ ನನಗೂ ಹೇಳ್ಕೊಡ್ತೀರಾ?"

"ಕೊಡ್ತೀನಿ. ಹತ್ತು ವರ್ಷ ಆಗ್ತದೆ."

ಜವರ ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡ. "ಕೂತಿರ್ತೀನಿ" ಅಂದ.

ಉಸ್ತಾದರು ನಕ್ಕರು. ಅವರು ನಕ್ಕಿದ್ದನ್ನು ರುದ್ರಣ್ಣನೂ ಕಂಡಿರಲಿಲ್ಲ.

"ಕೂರೋದಲ್ಲಪ್ಪ, ದಿನಾ ಬರೋದು. ಇವತ್ತಿಂದ ನೀನು ಈ ಗರಡಿಯವನು. ನನ್ನ ಮಾತು ಬಿಟ್ಟು ಇನ್ನೊಬ್ಬರ ಮಾತಿಗೆ ಕೈ ಎತ್ತಬೇಡ."

"ಅವ್ವನ ಮಾತು?"

ಉಸ್ತಾದರು ಯೋಚನೆ ಮಾಡಿದರು. "ಅವ್ವನ ಮಾತು ಕೇಳು" ಅಂದರು.

ಆ ವಾರದ ಸಂತೆಯಲ್ಲಿ ವ್ಯಾಪಾರಿಗಳು "ಜವರ, ಮೂಟೆ ಇಳಿಸಪ್ಪ" ಅಂದರು. ಜವರ ಗಾಡಿ ಮುಂದೆ ಕೈ ಕಟ್ಟಿ ನಿಂತ. "ಉಸ್ತಾದ್ರು ಹೇಳಿಲ್ಲ" ಅಂದ. ಬೈದರು, ಬೇಡಿಕೊಂಡರು. ಕೊನೆಗೆ "ಹೋಗ್ಲಿ, ದಾರಿನಾದ್ರೂ ಬಿಡು" ಅಂದರು. ಅದನ್ನೂ ಉಸ್ತಾದರು ಹೇಳಿರಲಿಲ್ಲ. ಹದಿನಾರು ಗಾಡಿ ಹಿಂದೆ ನಿಂತವು. ಉಸ್ತಾದರು ಬಂದು ಕೈ ಹಿಡಿದು ಕರೆದುಕೊಂಡು ಹೋಗಬೇಕಾಯಿತು. ಪುರಿ ಬುಟ್ಟಿ ಹೊತ್ತು ಬರುತ್ತಿದ್ದ ಕೆಂಪಾಜಮ್ಮ ಇದನ್ನೆಲ್ಲ ನೋಡಿದಳು. ಎಷ್ಟೋ ವರ್ಷದ ಮೇಲೆ ಅವತ್ತು ಅವಳಿಗೆ ನಿದ್ದೆ ಹತ್ತಿತು.

ಹೀಗೇ ಎರಡು ವರ್ಷ. ಜವರ ದಂಡ ಹೊಡೆದ, ಬಸ್ಕಿ ಹೊಡೆದ, ಮಟ್ಟಿ ಅಗೆದ, ದಿನಕ್ಕೊಂದು ಸಲ ಉಸ್ತಾದರ ಕೈಲಿ ಬಿದ್ದು ಬೆಳಕು ನೋಡಿದ. ಆಮೇಲೆ ಹೊಳೆಯಾಚೆಯ ಈರಣ್ಣ ಪೈಲ್ವಾನನ ಜೊತೆ ಅವನ ಮೊದಲ ಕುಸ್ತಿ ಗೊತ್ತಾಯಿತು. ಹಿಂದಿನ ದಿನ ಉಸ್ತಾದರು ಕರೆದು ಹೇಳಿದರು:

"ನೋಡು ಜವರ, ಕುಸ್ತಿಯ ಕಾನೂನು ಒಂದೇ. ಬೆನ್ನಿಗೆ ಮಣ್ಣು ಮುಟ್ಟಿದ್ರೆ ಸೋತಂಗೆ. ಏನಾದ್ರೂ ಮಾಡು, ನಿನ್ನ ಬೆನ್ನಿಗೆ ಮಣ್ಣು ಮುಟ್ಟಬಾರದು."

"ಮುಟ್ಟಲ್ಲ" ಅಂದ ಜವರ.

ಕುಸ್ತಿಯ ದಿನ ಊರಿಗೆ ಊರೇ ನೆರೆದಿತ್ತು. ಈರಣ್ಣ ಮಟ್ಟಿಗೆ ಇಳಿದ. ಈ ಕಡೆಯಿಂದ ಜವರ ಇಳಿದ. ಅವನ ಬೆನ್ನಿಗೆ ಒಂದು ಮೊರ. ಎರಡು ಹುರಿಹಗ್ಗದಲ್ಲಿ ಎದೆಗೆ ಬಿಗಿದು ಕಟ್ಟಿಕೊಂಡಿದ್ದಾನೆ.

ತೀರ್ಪು ಕೊಡುವ ಯಜಮಾನರು ಮೂವರು. "ಇದೇನಪ್ಪ?" ಅಂದರು.

"ಉಸ್ತಾದ್ರು ಹೇಳವ್ರೆ."

ಉಸ್ತಾದರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಈರಣ್ಣ ದೊಡ್ಡ ಮನಸ್ಸಿನವನು. "ಇರಲಿ ಬಿಡಿ, ಮೊರದ ಸಮೇತ ಎತ್ತಿ ಹಾಕ್ತೀನಿ" ಅಂದ.

ಜನ ನಕ್ಕರು. ಕೈ ಕೈ ಕೂಡಿದ ಮೇಲೆ ನಗು ನಿಂತಿತು. ಒಂದು ಗಳಿಗೆ, ಎರಡು ಗಳಿಗೆ. ಈರಣ್ಣ ಎಂಥೆಂಥವರನ್ನೋ ಎತ್ತಿದವನು, ಇವನ ಹಿಮ್ಮಡಿ ಎತ್ತಲಾರ. ಜವರ ಹಿಡಿಯಲು ಹೋದರೆ ಈರಣ್ಣ ಮೀನಿನ ಹಾಗೆ ಜಾರುತ್ತಾನೆ. ಮರ ಹತ್ತಿ ಕೂತವರು ಉಸಿರು ಬಿಗಿಹಿಡಿದರು. ಕೊನೆಗೆ ಜವರ ಒಂದು ಹೆಜ್ಜೆ ಹೆಚ್ಚು ಮುಂದಕ್ಕೆ ಬಂದ. ಈರಣ್ಣ ಕೆಳಗೆ ನುಗ್ಗಿ, ಸೊಂಟದ ಮೇಲೆ ತೆಗೆದುಕೊಂಡು ಎತ್ತಿಹಾಕಿದ. ಜವರ ಅಂಗಾತ ಬಿದ್ದ. ಮೊರ ಲಟಲಟ ಅಂದಿತು.

ಯಜಮಾನರು ಈರಣ್ಣನ ಕೈ ಎತ್ತಿದರು.

ಜವರ ಎದ್ದು ನಿಂತು, ಸಮಾಧಾನವಾಗಿ ಹಗ್ಗ ಬಿಚ್ಚಿದ. ಅಪ್ಪಚ್ಚಿಯಾದ ಮೊರವನ್ನು ಪಕ್ಕಕ್ಕಿಟ್ಟ. ಬೆನ್ನು ತಿರುಗಿಸಿದ.

"ಮುಟ್ಟಿಲ್ಲ ಯಜಮಾನ್ರೆ. ನೋಡಿ."

ಮೂವರು ನೋಡಿದರು. ಎಣ್ಣೆ ಹಚ್ಚಿದ ಬೆನ್ನು ಫಳಫಳ ಹೊಳೆಯುತ್ತಿತ್ತು. ಒಂದು ಕಣ ಮಣ್ಣಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎತ್ತಿದ ಕೈ ಇಳಿಸುವುದೋ, ಹಾಗೇ ಹಿಡಿದಿರುವುದೋ. ಈರಣ್ಣ ತಾನೇ ಕೈ ಬಿಡಿಸಿಕೊಂಡು ಬಂದು, ಜವರನ ಸುತ್ತ ಒಂದು ಸುತ್ತು ಬಂದ. ಬೆನ್ನಿನ ಮೇಲೆ ಬೆರಳಾಡಿಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ.

"ಹೌದು" ಅಂದ. "ಮುಟ್ಟಿಲ್ಲ."

ಉಸ್ತಾದ್ ಚಿಕ್ಕಹೈದಯ್ಯ ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿದ್ದವು. ನಗುತ್ತಿದ್ದರೋ ಅಳುತ್ತಿದ್ದರೋ, ರುದ್ರಣ್ಣನಿಗೂ ತಿಳಿಯಲಿಲ್ಲ.

ಹೆಂಗಸರ ಸಾಲಿನಲ್ಲಿ ಹೊಳೆಯಾಚೆಯ ಒಬ್ಬಳು ಪಕ್ಕದವಳನ್ನು ಕೇಳಿದಳು, "ಯಾರ ಮನೆ ಮೊರವಕ್ಕ ಅದು?"

ಪಕ್ಕದಲ್ಲಿ ಕೂತಿದ್ದವಳು ಕೆಂಪಾಜಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಮೊರಾನೂ ನಂದೇ ಕಣವ್ವ" ಅಂದಳು. "ಮಗನೂ ನಂದೇ."